ಒಂದೇ ತಂತಿಯ ಸಿಗ್ನಲ್, ಎರಡು ಪಿನ್ನಿನ ಎಡಿಸಿ: ಯಾವ ದಾರಿ ಹಿಡಿಯಬೇಕು?

ಒಳ್ಳೆಯ ಡಿಫರೆನ್ಶಿಯಲ್ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್) ಕೈಗೆ ಬಂದಿದೆ. 16 ಬಿಟ್ಟೋ 18 ಬಿಟ್ಟೋ ಇದೆ. ಆದರೆ ನಿಮ್ಮ ಸೆನ್ಸರ್ ಕೊಡುವುದು ಒಂದೇ ತಂತಿಯ ಸಿಗ್ನಲ್, ಇನ್ನೊಂದು ತಂತಿ ಬರೀ ಗ್ರೌಂಡ್. ಎಡಿಸಿಯಲ್ಲಿ ಮಾತ್ರ ಪ್ಲಸ್, ಮೈನಸ್ ಅಂತ ಎರಡು ಇನ್‌ಪುಟ್ ಪಿನ್. ಪ್ಲಸ್ಸಿಗೆ ಸಿಗ್ನಲ್ ಹೋಗುತ್ತೆ, ಸರಿ. ಮೈನಸ್ಸಿಗೆ ಏನು ಕೊಡೋದು?

ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಒಂದು ಉತ್ತರವನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬಂದಿರುತ್ತಾರೆ. ಸುಮ್ನೆ ಗ್ರೌಂಡಿಗೆ ಕಟ್ಟಿದರಾಯ್ತು ಅನ್ನೋರು ಒಂದು ಕಡೆ. ಫುಲ್ಲಿ ಡಿಫರೆನ್ಶಿಯಲ್ ಆಂಪ್ಲಿಫೈಯರ್, ಅಂದರೆ ಎಫ್‌ಡಿಎ, ಹಾಕದೆ ಮುಂದೆ ಹೋಗಲೇಬಾರದು ಅನ್ನೋರು ಇನ್ನೊಂದು ಕಡೆ. ಎರಡೂ ಒಂದೊಂದು ಕಡೆ ಸರಿ, ಒಂದೊಂದು ಕಡೆ ತಪ್ಪು. ನನ್ನ ಅನುಭವದಲ್ಲಿ ಡೇಟಾಶೀಟಿನ ಒಂದು ಸಾಲು ಮತ್ತು ನಿಮ್ಮ ಸಿಗ್ನಲ್ ಬಗ್ಗೆ ಒಂದು ಪ್ರಶ್ನೆ, ಇವೆರಡೇ ಅರ್ಧಕ್ಕಿಂತ ಜಾಸ್ತಿ ಆಯ್ಕೆಗಳನ್ನು ಪಕ್ಕಕ್ಕೆ ಸರಿಸಿಬಿಡುತ್ತವೆ. ಅದಕ್ಕೇ ಮೊದಲು ಅಲ್ಲಿಂದ ಶುರು ಮಾಡೋಣ, ಚಿಪ್ಪುಗಳ ಮಾತು ಆಮೇಲೆ.

ಮೊದಲು ಇವನ್ನು ನೋಡಿಕೊಳ್ಳಿ

ಡೇಟಾಶೀಟಿನ ಆ ಸಾಲಿನ ಹೆಸರು ಕಾಮನ್ ಮೋಡ್ ಇನ್‌ಪುಟ್ ರೇಂಜ್. ಎರಡು ಪಿನ್ನುಗಳ ವೋಲ್ಟೇಜನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಬರುವುದೇ ಕಾಮನ್ ಮೋಡ್. ಡಿಫರೆನ್ಶಿಯಲ್ ಎಡಿಸಿ ಎರಡರ ವ್ಯತ್ಯಾಸವನ್ನು ಅಳೆಯುತ್ತದೆ, ನಿಜ. ಆದರೆ ಸರಾಸರಿ ಎಲ್ಲಿ ಇದ್ದರೂ ನಡೆಯುತ್ತೆ ಅಂತ ಅದರ ಅರ್ಥ ಅಲ್ಲ. 5 ವೋಲ್ಟ್ ರೆಫರೆನ್ಸ್ (ಅಳತೆಗೆ ಆಧಾರವಾಗುವ ಸ್ಥಿರ ವೋಲ್ಟೇಜ್) ಇರುವ ಎಷ್ಟೋ ಸಾರ್ (ಹಂತ ಹಂತವಾಗಿ ಹೋಲಿಸಿ ಅಳೆಯುವ ಜಾತಿಯ) ಎಡಿಸಿಗಳು ಸರಾಸರಿ 2.5 ವೋಲ್ಟಿನ ಆಚೀಚೆ ಸುಮಾರು 100 ಮಿಲಿವೋಲ್ಟ್ ಒಳಗೇ ಇರಬೇಕು ಅನ್ನುತ್ತವೆ. ಇನ್ನು ಕೆಲವು ಚಿಪ್ಪುಗಳಿಗೆ ಸೊನ್ನೆಯಿಂದ ರೆಫರೆನ್ಸ್ ತನಕ ಎಲ್ಲಿದ್ದರೂ ಸರಿ. ಎಲ್‌ಟಿಸಿ2311 ಅಂಥದ್ದೊಂದು. ಈ ಎರಡು ಜಾತಿಗಳ ನಡುವೆ ಇರುವ ವ್ಯತ್ಯಾಸ 16 ಬಿಟ್ಟಿಗೂ 18 ಬಿಟ್ಟಿಗೂ ಇರುವ ವ್ಯತ್ಯಾಸಕ್ಕಿಂತ ನಿಮಗೆ ಮುಖ್ಯ.

ಸಿಗ್ನಲ್ ಬಗ್ಗೆ ಕೇಳಬೇಕಾದ ಪ್ರಶ್ನೆ: ಇದರಲ್ಲಿ ಡಿಸಿ, ಅಂದರೆ ಅಲೆಯಾಗದೆ ನಿಲ್ಲುವ ವೋಲ್ಟೇಜ್, ಮುಖ್ಯವೇ? ಉಷ್ಣತೆ, ಒತ್ತಡ, ತೂಕ, ಬ್ಯಾಟರಿ ವೋಲ್ಟೇಜ್ ಎಲ್ಲದರಲ್ಲೂ ಡಿಸಿಯೇ ಮಾಹಿತಿ. ರೇಡಿಯೋ, ಅಲ್ಟ್ರಾಸೌಂಡ್‌ಗಳಲ್ಲಿ ಡಿಸಿಯನ್ನು ಎಸೆದರೂ ನಷ್ಟವಿಲ್ಲ.

ಇಷ್ಟಾದ ಮೇಲೆ ಇನ್ನೂ ಮೂರು ವಿಷಯ ಉಳಿಯುತ್ತೆ. ಸಿಗ್ನಲ್ ಕೊಡುವ ಮೂಲದ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಎಷ್ಟು? 50 ಓಮ್ ಆದರೆ ಒಂದು ಕಥೆ, 10 ಕಿಲೋಓಮ್ ಆದರೆ ಪೂರ್ತಿ ಬೇರೆ ಕಥೆ. ಅತಿ ಹೆಚ್ಚಿನ ಫ್ರೀಕ್ವೆನ್ಸಿ ಎಷ್ಟು? ಎಡಿಸಿಯ ಪೂರ್ತಿ ರೇಂಜ್ ನಿಜವಾಗಿಯೂ ಬೇಕಾ, ಅಥವಾ ಅರ್ಧ ಬಿಟ್ಟರೂ ಕೆಲಸ ಆಗುತ್ತಾ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೆ ಎಷ್ಟೋ ಸಲ ಬೋರ್ಡಿನ ಮೇಲೆ ಒಂದು ಚಿಪ್, ಎಂಟು ರೆಸಿಸ್ಟರ್ ಉಳಿತಾಯ ಆಗುತ್ತೆ.

ಮೈನಸ್ ಪಿನ್ನನ್ನು ಒಂದು ಕಡೆ ಕಟ್ಟಿಹಾಕುವುದು

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಪ್ಲಸ್ಸಿಗೆ ಸಿಗ್ನಲ್, ಮೈನಸ್ಸಿಗೆ ಗ್ರೌಂಡ್ ಅಥವಾ ರೆಫರೆನ್ಸಿನ ಅರ್ಧ ವೋಲ್ಟೇಜ್.

ಏನು ಕಳೆದುಕೊಳ್ಳುತ್ತೀರಿ ನೋಡಿ. 5 ವೋಲ್ಟ್ ರೆಫರೆನ್ಸಿನ ಡಿಫರೆನ್ಶಿಯಲ್ ಎಡಿಸಿ -5ರಿಂದ +5ರ ತನಕ ಅಳೆಯಬಲ್ಲದು, ಒಟ್ಟು 10 ವೋಲ್ಟ್. ಮೈನಸ್ಸನ್ನು 2.5ಕ್ಕೆ ಕಟ್ಟಿ ಪ್ಲಸ್ಸನ್ನು 0ಯಿಂದ 5ರ ತನಕ ಆಡಿಸಿದರೆ ಸಿಗುವುದು -2.5ರಿಂದ +2.5 ಮಾತ್ರ. ಅರ್ಧ ಕೋಡುಗಳು ಖಾಲಿ. 6 ಡಿಬಿ ಹೋಯಿತು, ಅಂದರೆ ಒಂದು ಬಿಟ್. 18 ಬಿಟ್ಟಿನ ಚಿಪ್ಪಿನಲ್ಲಿ 17 ಬಿಟ್ ಉಳಿಯಿತು. ನಿಮ್ಮ ಸೆನ್ಸರಿನ ನಾಯ್ಸೇ 14 ಬಿಟ್ಟಿನ ಮಟ್ಟದಲ್ಲಿದ್ದರೆ ಆ ಹೋದ ಬಿಟ್ಟಿಗಾಗಿ ಚಿಂತೆ ಮಾಡಬೇಕಾಗಿಲ್ಲ, ಅಲ್ವಾ?

ಆದರೆ ಬಿಟ್ ಹೋಗುವುದಕ್ಕಿಂತ ದೊಡ್ಡ ತೊಂದರೆ ಕಾಮನ್ ಮೋಡಿನದು. ಮೇಲಿನ ಉದಾಹರಣೆಯಲ್ಲಿ ಸರಾಸರಿ 1.25ರಿಂದ 3.75 ವೋಲ್ಟ್ ತನಕ ಓಡಾಡುತ್ತೆ. 100 ಮಿಲಿವೋಲ್ಟ್ ಒಳಗಿರಬೇಕು ಅಂದ ಚಿಪ್ಪಿಗೆ ಇದು ಬಹಳ ದೂರ. ಚಿಪ್ ಸುಟ್ಟುಹೋಗುವುದಿಲ್ಲ, ಕೋಡುಗಳೂ ಬರುತ್ತವೆ, ಮೇಲ್ನೋಟಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತೆ. ಡೇಟಾಶೀಟಿನಲ್ಲಿ ಕೊಟ್ಟ ಲೀನಿಯಾರಿಟಿ, ಡಿಸ್ಟಾರ್ಷನ್ ಅಂಕಿಗಳಿಗೆ ಮಾತ್ರ ಇನ್ನು ಯಾರೂ ಹೊಣೆಯಲ್ಲ. ಡಿಫರೆನ್ಶಿಯಲ್ ಜೋಡಣೆಯಲ್ಲಿ ತಾನಾಗಿ ಕಳೆದುಹೋಗುತ್ತಿದ್ದ ಎರಡನೇ ಹಾರ್ಮೋನಿಕ್ (ಸಿಗ್ನಲ್ಲಿನ ಎರಡು ಪಟ್ಟು ಫ್ರೀಕ್ವೆನ್ಸಿಯ ಕಲಬೆರಕೆ) ಇಲ್ಲಿ ತಲೆ ಎತ್ತುತ್ತೆ.

ನಿಧಾನದ ಡೆಲ್ಟಾ-ಸಿಗ್ಮಾ (ಬೇಗ ಬೇಗ ಅಳೆದು ಸರಾಸರಿ ತೆಗೆಯುವ ಜಾತಿಯ) ಎಡಿಸಿಗಳಲ್ಲಿ ಈ ದಾರಿ ಸಾಮಾನ್ಯವಾಗಿ ನಡೆಯುತ್ತೆ. ಎಡಿಎಸ್1115 ತಗೊಳ್ಳಿ, ಅದರಲ್ಲಿ ಗ್ರೌಂಡನ್ನೇ ಮೈನಸ್ ಮಾಡಿಕೊಳ್ಳುವ ಸೆಟ್ಟಿಂಗ್ ಒಳಗೇ ಇದೆ. ಆಗ ಬರೀ ಪಾಸಿಟಿವ್ ಕೋಡುಗಳು ಬಳಕೆಯಾಗುತ್ತವೆ, 16 ಬಿಟ್ ಹೋಗಿ 15 ಆಗುತ್ತೆ, ಅಷ್ಟೆ. ಆದರೆ ಪಿಜಿಎ (ಎಷ್ಟು ಪಟ್ಟು ಹಿಗ್ಗಿಸಬೇಕು, ಅಂದರೆ ಗೇನ್ ಎಷ್ಟು, ಅಂತ ಆರಿಸಬಹುದಾದ ಒಳಗಿನ ಆಂಪ್ಲಿಫೈಯರ್) ಇರುವ ಚಿಪ್ಪುಗಳಲ್ಲಿ ಒಂದು ಗುಂಡಿ ಇದೆ, ಅದರಲ್ಲಿ ಬೀಳಬೇಡಿ. ಎಡಿಎಸ್1220ರಲ್ಲಿ ಪಿಜಿಎ ಚಾಲೂ ಇದ್ದರೆ ಇನ್‌ಪುಟ್ ಪಿನ್ನುಗಳು ಗ್ರೌಂಡಿಗಿಂತ ಕನಿಷ್ಠ 200 ಮಿಲಿವೋಲ್ಟ್ ಮೇಲಿರಬೇಕು. ಮೈನಸ್ಸನ್ನು ನೇರ ಗ್ರೌಂಡಿಗೆ ಕಟ್ಟಿದರೆ ಆ ಷರತ್ತು ಮುರಿಯುತ್ತೆ. ಪಿಜಿಎಯನ್ನು ಬೈಪಾಸ್ ಮಾಡಬೇಕು, ಹಾಗೆ ಮಾಡಿದರೆ ಗೇನ್ 4ರ ತನಕ ಮಾತ್ರ ಸಿಗುತ್ತೆ.

ಈ ದಾರಿಯಲ್ಲಿ ಹೋಗುವವರಿಗೆ ನಾನು ಒತ್ತಿ ಹೇಳುವ ಮಾತು ಒಂದಿದೆ: ಮೈನಸ್ ಪಿನ್ನನ್ನು ಎಡಿಸಿ ಪಕ್ಕದ ಗ್ರೌಂಡಿಗೆ ಕಟ್ಟಬೇಡಿ. ಸೆನ್ಸರಿನ ಗ್ರೌಂಡಿನ ತನಕ ಅದಕ್ಕೇ ಅಂತ ಒಂದು ಗೆರೆ ಎಳೆಯಿರಿ. ಒಮ್ಮೆ ನನ್ನ ಬೋರ್ಡಿನಲ್ಲಿ ಮೋಟರ್ ತಿರುಗಿದಾಗಲೆಲ್ಲ ರೀಡಿಂಗ್ ಜಿಗಿಯುತ್ತಿತ್ತು. ಎರಡು ದಿನ ಫಿಲ್ಟರ್ ಬದಲಿಸಿದೆ, ರೆಫರೆನ್ಸ್ ಬದಲಿಸಿದೆ, ಏನೂ ಆಗಲಿಲ್ಲ. ಕೊನೆಗೆ ಲೆಕ್ಕ ಹಾಕಿದೆ. ಸೆನ್ಸರಿಗೂ ಎಡಿಸಿಗೂ ನಡುವೆ ಗ್ರೌಂಡ್ ತಂತಿಯ ರೆಸಿಸ್ಟೆನ್ಸ್ ಸುಮಾರು 20 ಮಿಲಿಓಮ್, ಅದರಲ್ಲಿ ಹರಿಯುವ ಮೋಟರ್ ಕರೆಂಟ್ ಅರ್ಧ ಆಂಪ್. 10 ಮಿಲಿವೋಲ್ಟ್ ಅಲ್ಲೇ ಬಿತ್ತು. 5 ವೋಲ್ಟಿಗೆ 16 ಬಿಟ್ ಅಂದರೆ ಒಂದು ಎಣಿಕೆ 76 ಮೈಕ್ರೋವೋಲ್ಟ್, ಹಾಗಾಗಿ ಆ 10 ಮಿಲಿವೋಲ್ಟ್ ಅಂದರೆ 130 ಎಣಿಕೆ. ಮೈನಸ್ ಪಿನ್ನಿನ ಗೆರೆ ಕತ್ತರಿಸಿ, ಒಂದು ಸಣ್ಣ ತಂತಿಯನ್ನು ಸೆನ್ಸರಿನ ಗ್ರೌಂಡ್ ಕಾಲಿಗೇ ಬೆಸುಗೆ ಹಾಕಿದೆ. ಜಿಗಿತ ನಿಂತಿತು. ಡಿಫರೆನ್ಶಿಯಲ್ ಎಡಿಸಿಯ ದೊಡ್ಡ ಲಾಭವೇ ಇದು. ಸಿಗ್ನಲ್ ಒಂದೇ ತಂತಿಯದ್ದಾದರೂ ಆ ಲಾಭ ನಿಮಗೆ ಸಿಗುತ್ತೆ, ಮೈನಸ್ ಪಿನ್ನನ್ನು ಸರಿಯಾದ ಕಡೆ ಒಯ್ದರೆ. ಪ್ಲಸ್ ದಾರಿಯಲ್ಲಿ ಯಾವ ರೆಸಿಸ್ಟರ್, ಕೆಪಾಸಿಟರ್ ಇದೆಯೋ ಅದೇ ಅಳತೆಯವು ಮೈನಸ್ ದಾರಿಯಲ್ಲೂ ಇರಲಿ.

ಎರಡು ಆಪ್-ಆಂಪ್‌ಗಳ ದಾರಿ

ಚಿಪ್ಪಿಗೆ ಕಾಮನ್ ಮೋಡ್ ಅಲುಗಾಡಬಾರದು, ಡಿಸಿಯೂ ಬೇಕು. ಆಗ ಮೈನಸ್ಸಿಗೆ ಸಿಗ್ನಲ್ಲಿನ ತಲೆಕೆಳಗಾದ ಪ್ರತಿಯನ್ನೇ ಕೊಡಬೇಕು. ಪ್ಲಸ್ ಏರಿದಷ್ಟೇ ಮೈನಸ್ ಇಳಿಯುತ್ತೆ, ಸರಾಸರಿ ಕದಲುವುದಿಲ್ಲ.

ಒಂದು ಆಪ್-ಆಂಪ್ (ಸಾಮಾನ್ಯ ಆಂಪ್ಲಿಫೈಯರ್ ಚಿಪ್) ಬಫರ್ ಆಗಿ, ಅಂದರೆ ಸಿಗ್ನಲ್ಲನ್ನು ಹಾಗೇ ದಾಟಿಸುತ್ತಾ, ಪ್ಲಸ್ಸನ್ನು ನಡೆಸುತ್ತೆ. ಅದರ ಔಟ್‌ಪುಟ್ಟನ್ನೇ ಇನ್ನೊಂದು ಆಪ್-ಆಂಪ್ 2.5 ವೋಲ್ಟಿನ ಸುತ್ತ ತಿರುಗಿಸಿ ಮೈನಸ್ಸಿಗೆ ಕೊಡುತ್ತೆ. ಒಂದೇ ಪ್ಯಾಕೇಜಿನಲ್ಲಿ ಎರಡಿರುವ ಡ್ಯುಯಲ್ ಆಪ್-ಆಂಪ್ ಮತ್ತು ಎರಡು ಸಮಾನ ರೆಸಿಸ್ಟರ್ ಸಾಕು. 0ಯಿಂದ 5 ವೋಲ್ಟಿನ ಸಿಗ್ನಲ್ ಎಡಿಸಿಯ ಪೂರ್ತಿ 10 ವೋಲ್ಟ್ ರೇಂಜನ್ನು ತುಂಬುತ್ತೆ. ಹೋಗಿದ್ದ 6 ಡಿಬಿ ವಾಪಸ್ ಬಂತು.

ಇದರ ಗಟ್ಟಿತನ ಇರುವುದು ಇನ್‌ಪುಟ್ ಇಂಪೀಡೆನ್ಸಿನಲ್ಲಿ. ಸಿಗ್ನಲ್ ನೇರವಾಗಿ ಆಪ್-ಆಂಪಿನ ಪ್ಲಸ್ ಕಾಲಿಗೆ ಹೋಗುತ್ತೆ, ಮೂಲದಿಂದ ಹೆಚ್ಚು ಕರೆಂಟ್ ಎಳೆಯುವುದಿಲ್ಲ. 10 ಕಿಲೋಓಮ್ ಸೆನ್ಸರ್ ಇರುವವರಿಗೆ, ಪೊಟೆನ್ಶಿಯೋಮೀಟರ್ ಇರುವವರಿಗೆ ನಾನು ಹೇಳುವ ಮೊದಲ ಉತ್ತರ ಇದೇ.

ತೊಂದರೆ ಇರುವುದು ವೇಗದಲ್ಲಿ. ಬಫರ್ ಆಗಿರುವ ಆಪ್-ಆಂಪಿಗಿಂತ ಇನ್ವರ್ಟರ್ ಆಗಿರುವ ಆಪ್-ಆಂಪಿನ ಬ್ಯಾಂಡ್‌ವಿಡ್ತ್ ಅರ್ಧ, ಯಾಕೆಂದರೆ ಅದರ ನಾಯ್ಸ್ ಗೇನ್, ಅಂದರೆ ತನ್ನ ನಾಯ್ಸನ್ನೇ ಎಷ್ಟು ಪಟ್ಟು ಹಿಗ್ಗಿಸುತ್ತೆ ಅನ್ನುವುದು, 2. 10 ಮೆಗಾಹರ್ಟ್ಸ್ ಆಪ್-ಆಂಪ್ ಹಾಕಿದರೆ ಇನ್ವರ್ಟರಿಗೆ ಸಿಗುವುದು 5 ಮೆಗಾಹರ್ಟ್ಸ್. 100 ಕಿಲೋಹರ್ಟ್ಸ್ ಸಿಗ್ನಲ್ಲಿನಲ್ಲಿ ಮೈನಸ್ ಬದಿ ಸುಮಾರು 1.15 ಡಿಗ್ರಿ ಹಿಂದೆ ಬೀಳುತ್ತೆ. ಇದರಿಂದ ಸರಾಸರಿ ಸುಮಾರು 25 ಮಿಲಿವೋಲ್ಟ್ ಅಲುಗಾಡುತ್ತೆ, 100ರ ಮಿತಿಯೊಳಗೆ ಆರಾಮ. ಅದೇ 500 ಕಿಲೋಹರ್ಟ್ಸ್‌ಗೆ ಹೋದರೆ 125 ಮಿಲಿವೋಲ್ಟ್, ಮಿತಿ ದಾಟಿತು. ಜಾಸ್ತಿ ವೇಗದ ಆಪ್-ಆಂಪ್ ಹಾಕಿ ಇದನ್ನು ಮುಂದಕ್ಕೆ ತಳ್ಳಬಹುದು, ಪೂರ್ತಿ ಇಲ್ಲವಾಗಿಸಲು ಆಗುವುದಿಲ್ಲ. ನಾನು ಈ ದಾರಿಯನ್ನು 100 ಕಿಲೋಹರ್ಟ್ಸ್ ಆಸುಪಾಸಿನ ತನಕ ಮನಸ್ಸಿಟ್ಟು ಬಳಸುತ್ತೇನೆ.

ನಾಯ್ಸೂ ಒಂಚೂರು ಜಾಸ್ತಿ. ಬಫರಿನ ನಾಯ್ಸ್ ಎರಡೂ ಬದಿಗೆ ಹೋಗಿ ವ್ಯತ್ಯಾಸದಲ್ಲಿ ಇಮ್ಮಡಿ ಆಗುತ್ತೆ. ಇನ್ವರ್ಟರಿನದು ತಾನೇ ಇಮ್ಮಡಿ. 3 ನ್ಯಾನೋವೋಲ್ಟ್ ದರ್ಜೆಯ ಆಪ್-ಆಂಪ್, 1 ಕಿಲೋಓಮ್ ರೆಸಿಸ್ಟರ್ ಹಾಕಿದರೆ ಒಟ್ಟು 10 ನ್ಯಾನೋವೋಲ್ಟ್ ಆಸುಪಾಸು ಬರುತ್ತೆ, ಪ್ರತಿ ರೂಟ್ ಹರ್ಟ್ಸ್‌ಗೆ. ರೆಸಿಸ್ಟರನ್ನು ಕಡಿಮೆ ಮಾಡಿದರೆ ನಾಯ್ಸ್ ಇಳಿಯುತ್ತೆ, ಆದರೆ ಬಫರ್ ಅಷ್ಟು ಕರೆಂಟನ್ನು ಸುಮ್ನೆ ಹೊರಬೇಕಾಗುತ್ತೆ. ಇನ್ನೊಂದು ಮಾತು, ರೈಲ್-ಟು-ರೈಲ್ ಇನ್‌ಪುಟ್ (ಸಪ್ಲೈಯ ಎರಡೂ ತುದಿ, ಅಂದರೆ ರೈಲ್, ತನಕ ಸಿಗ್ನಲ್ ತಗೊಳ್ಳುವ) ಆಪ್-ಆಂಪನ್ನು ಬಫರ್ ಮಾಡಿದರೆ ಎಷ್ಟೋ ಚಿಪ್ಪುಗಳಲ್ಲಿ ಒಳಗಿನ ಒಂದು ಜೋಡಿ ಟ್ರಾನ್ಸಿಸ್ಟರಿನಿಂದ ಇನ್ನೊಂದಕ್ಕೆ ಕೈ ಬದಲಾಗುವ ಜಾಗದಲ್ಲಿ ಡಿಸ್ಟಾರ್ಷನ್ ಏರುತ್ತೆ. ಡೇಟಾಶೀಟಿನಲ್ಲಿ ಆಫ್‌ಸೆಟ್ ವೋಲ್ಟೇಜಿನ ಗ್ರಾಫಿನಲ್ಲಿ ಆ ಮೆಟ್ಟಿಲು ಕಾಣುತ್ತೆ, ನೋಡಿ ಕೊಳ್ಳಿ.

ಬಿಡಿ ಆಪ್-ಆಂಪ್ ಜೋಡಿಸುವ ಉಸಾಬರಿ ಬೇಡ ಅನ್ನುವವರಿಗೆ ಎಡಿಎ4941, ಎಲ್‌ಟಿ6350 ಥರದ ಚಿಪ್ಪುಗಳಿವೆ. ಇದೇ ಬಫರ್-ಇನ್ವರ್ಟರ್ ಜೋಡಿ ಒಳಗೇ ಇರುತ್ತೆ, ರೆಸಿಸ್ಟರುಗಳೂ ಒಂದಕ್ಕೊಂದು ಹೊಂದಿಕೊಂಡು ಬಂದಿರುತ್ತವೆ. ಸಾಮಾನ್ಯ ಡ್ಯುಯಲ್ ಆಪ್-ಆಂಪಿಗಿಂತ ದುಬಾರಿ, ಬೋರ್ಡಿನ ಮೇಲೆ ಜಾಗ ಕಡಿಮೆ.

ಎಫ್‌ಡಿಎ: ಸರಿಯಾದ ಜಾಗದಲ್ಲಿ ಬಹಳ ಒಳ್ಳೆಯದು

ಎಫ್‌ಡಿಎಗೆ ಎರಡು ಇನ್‌ಪುಟ್, ಎರಡು ಔಟ್‌ಪುಟ್, ಜೊತೆಗೆ ವಿಒಸಿಎಂ ಅನ್ನುವ ಒಂದು ಪಿನ್. ಆ ಪಿನ್ನಿಗೆ ನೀವು ಯಾವ ವೋಲ್ಟೇಜ್ ಕೊಡುತ್ತೀರೋ ಎರಡು ಔಟ್‌ಪುಟ್ಟುಗಳ ಸರಾಸರಿ ಅಲ್ಲೇ ನಿಲ್ಲುತ್ತೆ. ಒಳಗೆ ಇದಕ್ಕೇ ಅಂತ ಇನ್ನೊಂದು ಫೀಡ್‌ಬ್ಯಾಕ್ ಕೆಲಸ ಮಾಡುತ್ತಿರುತ್ತೆ. ಎರಡು ಬದಿಯೂ ಒಂದೇ ಆಂಪ್ಲಿಫೈಯರಿನಿಂದ ಬರುವುದರಿಂದ ಹಿಂದೆ ಮುಂದೆ ಆಗುವ ತೊಂದರೆ ಇಲ್ಲ. ಎಡಿಎ4940, ಟಿಎಚ್‌ಎಸ್4551, ಎಲ್‌ಟಿಸಿ6363 ಇವೆಲ್ಲ ಸಾರ್ ಎಡಿಸಿಗಳ ಜೊತೆ ಹೆಚ್ಚಾಗಿ ಕಾಣುವ ಚಿಪ್ಪುಗಳು. ಡಿಸಿಯೂ ಬರುತ್ತೆ, ವೇಗವೂ ಸಿಗುತ್ತೆ, ಗೇನನ್ನೂ ಲೆವೆಲ್ಲನ್ನೂ ಒಟ್ಟಿಗೆ ಹೊಂದಿಸಬಹುದು.

-5ರಿಂದ +5 ವೋಲ್ಟಿನ ಸಿಗ್ನಲ್ ಇದೆ ಅಂತ ಇಟ್ಟುಕೊಳ್ಳಿ. ನಾಲ್ಕೂ ರೆಸಿಸ್ಟರ್ 1 ಕಿಲೋಓಮ್, ವಿಒಸಿಎಂ 2.5 ವೋಲ್ಟ್, ಬಳಸದ ಇನ್‌ಪುಟ್ಟಿನ ರೆಸಿಸ್ಟರ್ ಗ್ರೌಂಡಿಗೆ. ಸಿಗ್ನಲ್ +5 ಆದಾಗ ಒಂದು ಔಟ್‌ಪುಟ್ 5, ಇನ್ನೊಂದು 0. ಸಿಗ್ನಲ್ -5 ಆದಾಗ ಅದಲು ಬದಲು. ನೆಗೆಟಿವ್ ಸಿಗ್ನಲ್ ನೇರವಾಗಿ ಎಡಿಸಿ ರೇಂಜಿಗೆ ಬಂದು ಕೂತಿತು, ಬೇರೆ ಲೆವೆಲ್ ಶಿಫ್ಟರ್ ಬೇಕಾಗಲಿಲ್ಲ.

ಆದರೆ ಚಿಪ್ಪಿನ ಇನ್‌ಪುಟ್ ಕಾಲುಗಳಲ್ಲಿ ಏನಾಗುತ್ತೆ ಅಂತಲೂ ನೋಡಬೇಕು. ಸಿಗ್ನಲ್ +5 ಇದ್ದಾಗ ಆ ಕಾಲುಗಳು 2.5 ವೋಲ್ಟಿನಲ್ಲಿರುತ್ತವೆ. -5 ಇದ್ದಾಗ ಸರಿಯಾಗಿ 0 ವೋಲ್ಟಿಗೆ ಇಳಿಯುತ್ತವೆ. ಒಂದೇ ಸಪ್ಲೈಯಲ್ಲಿ ನಡೆಸುತ್ತಿದ್ದರೆ ಇನ್‌ಪುಟ್ ರೇಂಜ್ ನೆಗೆಟಿವ್ ರೈಲ್ ತನಕ ಇರುವ ಚಿಪ್ಪೇ ಬೇಕು. ಎಡಿಎ4940, ಟಿಎಚ್‌ಎಸ್4551 ಅಂಥವು. ಹಾಗೆಯೇ ಔಟ್‌ಪುಟ್ 0 ಮತ್ತು 5 ಮುಟ್ಟಬೇಕಾದರೆ ಬರೀ 5 ವೋಲ್ಟ್ ಸಪ್ಲೈ ಸಾಲದು, ರೈಲ್ ಹತ್ತಿರ ಹೋದಂತೆ ಡಿಸ್ಟಾರ್ಷನ್ ಏರುತ್ತೆ. ಒಂದೋ ಸಪ್ಲೈಯನ್ನು ಎರಡೂ ಬದಿ ಸ್ವಲ್ಪ ಹಿಗ್ಗಿಸಬೇಕು, ಇಲ್ಲವೇ ರೆಫರೆನ್ಸನ್ನು 4.096 ವೋಲ್ಟಿಗೆ ಇಳಿಸಿ ಔಟ್‌ಪುಟ್ 0ಗಿಂತ ತುಸು ಮೇಲೇ ನಿಲ್ಲುವಷ್ಟು ಗೇನನ್ನೂ ತಗ್ಗಿಸಬೇಕು. ರೆಫರೆನ್ಸ್ ಇಳಿಸಿದರೆ ರೇಂಜ್ 2 ಡಿಬಿಯಷ್ಟು ಕಡಿಮೆ, ಆದರೆ ಒಂದು ನೆಗೆಟಿವ್ ಸಪ್ಲೈ ಮಾಡುವ ಕೆಲಸ ತಪ್ಪಿತು. ಬ್ಯಾಟರಿ ಯಂತ್ರ ಆದರೆ ನಾನು ಕಣ್ಣು ಮುಚ್ಚಿ 4.096 ಆರಿಸುತ್ತೇನೆ.

ಸಿಗ್ನಲ್ 0ಯಿಂದ 5ರ ತನಕ ಇರುವವರು ಬಳಸದ ಇನ್‌ಪುಟ್ಟಿನ ರೆಸಿಸ್ಟರನ್ನು ಗ್ರೌಂಡಿನ ಬದಲು 2.5 ವೋಲ್ಟಿಗೆ ಕಟ್ಟಿ, ಗೇನನ್ನು 2 ಮಾಡಿಕೊಳ್ಳಬೇಕು. ಆ 2.5 ವೋಲ್ಟ್ ಬಫರಿನಿಂದ ಬರಬೇಕು. ಎರಡು ರೆಸಿಸ್ಟರ್ ಡಿವೈಡರಿನಿಂದ ನೇರ ಕೊಟ್ಟರೆ ಆ ಡಿವೈಡರಿನ ರೆಸಿಸ್ಟೆನ್ಸ್ ಒಂದು ಬದಿಗೆ ಸೇರಿಕೊಂಡು ತೂಕ ತಪ್ಪುತ್ತೆ.

ತೂಕ ತಪ್ಪಿದರೆ ಏನಾಗುತ್ತೆ ಅನ್ನುವುದೇ ಎಫ್‌ಡಿಎ ಬಗ್ಗೆ ತಿಳಿದಿರಬೇಕಾದ ದೊಡ್ಡ ವಿಷಯ. ಎಫ್‌ಡಿಎಯ ಇನ್‌ಪುಟ್ ಇಂಪೀಡೆನ್ಸ್ ಕಡಿಮೆ. ಮೇಲಿನ 1 ಕಿಲೋಓಮ್ ಉದಾಹರಣೆಯಲ್ಲಿ ಸಿಗ್ನಲ್ಲಿಗೆ ಕಾಣುವುದು 1.33 ಕಿಲೋಓಮ್ ಮಾತ್ರ. ಇದಕ್ಕೆ 10 ಕಿಲೋಓಮ್ ಸೆನ್ಸರನ್ನು ನೇರ ಜೋಡಿಸಿ ನೋಡಿ. ಒಂದು ಬದಿಯಲ್ಲಿ 11 ಕಿಲೋಓಮ್, ಇನ್ನೊಂದು ಬದಿಯಲ್ಲಿ 1. ಲೆಕ್ಕ ಹಾಕಿದರೆ ಸಿಗ್ನಲ್ ಎಂಟನೇ ಒಂದು ಭಾಗಕ್ಕಿಂತಲೂ ಕೆಳಗೆ ಬರುತ್ತೆ, ಅದರ ಮೇಲೆ ವಿಒಸಿಎಂನ 2.5 ವೋಲ್ಟೇ ಸೋರಿ ಸುಮಾರು 1.5 ವೋಲ್ಟ್ ಆಫ್‌ಸೆಟ್ ಆಗಿ ಕೂರುತ್ತೆ. ಇದನ್ನು ಮೊದಲ ಸಲ ಮೀಟರಿನಲ್ಲಿ ನೋಡಿದಾಗ ಚಿಪ್ ಕೆಟ್ಟಿದೆ ಅಂತಲೇ ನಾನು ಅಂದುಕೊಂಡಿದ್ದೆ, ಬದಲಿಸಿಯೂ ನೋಡಿದೆ. ಚಿಪ್ಪಿನ ತಪ್ಪೇನೂ ಇರಲಿಲ್ಲ. ಮುಂದೆ ಒಂದು ಬಫರ್ ಹಾಕಿದ ತಕ್ಷಣ ಎಲ್ಲ ಸರಿಹೋಯಿತು. ಆದರೆ ಬಫರ್ ಬೇಕೇ ಬೇಕು ಅಂದಮೇಲೆ ಎರಡು ಆಪ್-ಆಂಪ್‌ಗಳ ದಾರಿಯನ್ನೇ ಹಿಡಿಯಬಹುದಿತ್ತಲ್ಲ ಅನ್ನುವ ಪ್ರಶ್ನೆ ಬರುತ್ತೆ. ಸಿಗ್ನಲ್ ನಿಧಾನದ್ದಾದರೆ ಉತ್ತರ ಹೌದು.

50 ಓಮ್ ಮೂಲದಲ್ಲೂ ಇದೇ ವಿಷಯ ಸಣ್ಣದಾಗಿ ಬರುತ್ತೆ. ಮೂಲಕ್ಕೆ 50 ಓಮ್ ಕಾಣಬೇಕಾದರೆ 1.33 ಕಿಲೋಓಮಿಗೆ ಸಮಾನಾಂತರವಾಗಿ ಸುಮಾರು 52 ಓಮ್ ಹಾಕಬೇಕು. ಆಗ ಆ ಬದಿಯಲ್ಲಿ ಮೂಲದ 50 ಮತ್ತು ಈ 52 ಸೇರಿ 25.5 ಓಮ್ ಹೆಚ್ಚಾಗುತ್ತೆ. ಇನ್ನೊಂದು ಬದಿಯ ರೆಸಿಸ್ಟರಿಗೂ ಅಷ್ಟೇ ಸೇರಿಸಿ, 1 ಕಿಲೋಓಮ್ ಬದಲು 1.02 ಕಿಲೋಓಮ್ ಹಾಕಿ. ಬಿಟ್ಟರೆ ಬೋರ್ಡ್ ನಡೆಯುತ್ತೆ, ಆಫ್‌ಸೆಟ್ ಮಾತ್ರ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂರಬೇಕಾಗುತ್ತೆ. ರೆಸಿಸ್ಟರ್ 1 ಶೇಕಡಾದವು ಆದರೆ ಅತಿ ಕೆಟ್ಟ ಸಂದರ್ಭದಲ್ಲಿ ಕಾಮನ್ ಮೋಡನ್ನು ತಡೆಯುವ ಶಕ್ತಿ 34 ಡಿಬಿ, 0.1 ಶೇಕಡಾದವು ಆದರೆ 54 ಡಿಬಿ. ಎಫ್‌ಡಿಎಗೆ ಹಣ ಹಾಕಿ ರೆಸಿಸ್ಟರಿನಲ್ಲಿ ಉಳಿಸುವುದು ನನಗೆ ಸರಿ ಕಾಣುವುದಿಲ್ಲ.

ನಾಯ್ಸ್ ಲೆಕ್ಕವನ್ನೂ ಒಮ್ಮೆ ಹಾಕೋಣ. 3.9 ನ್ಯಾನೋವೋಲ್ಟಿನ ಎಡಿಎ4940, ನಾಲ್ಕು 1 ಕಿಲೋಓಮ್ ರೆಸಿಸ್ಟರ್, ಒಟ್ಟು ಔಟ್‌ಪುಟ್ಟಿನಲ್ಲಿ ಸುಮಾರು 11 ನ್ಯಾನೋವೋಲ್ಟ್. ಎಡಿಸಿ ಮುಂದೆ 3 ಮೆಗಾಹರ್ಟ್ಸ್ ಆರ್‌ಸಿ ಫಿಲ್ಟರ್ ಇದ್ದರೆ ಅದು ಸುಮಾರು 24 ಮೈಕ್ರೋವೋಲ್ಟ್ ಆಗುತ್ತೆ. 98 ಡಿಬಿ ಕೊಡುವ ಎಡಿಸಿಯ ಸ್ವಂತ ನಾಯ್ಸ್ 10 ವೋಲ್ಟ್ ರೇಂಜಿನಲ್ಲಿ 45 ಮೈಕ್ರೋವೋಲ್ಟ್ ಆಸುಪಾಸು. ಎರಡೂ ಸೇರಿ 51. ಅಂದರೆ ಡ್ರೈವರಿನಿಂದ ಹೋದದ್ದು 1 ಡಿಬಿಗಿಂತ ತುಸು ಜಾಸ್ತಿ. ಮೈನಸ್ ಪಿನ್ ಕಟ್ಟಿಹಾಕಿದಾಗ ಹೋಗುತ್ತಿದ್ದ 6 ಡಿಬಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಟ್ರಾನ್ಸ್‌ಫಾರ್ಮರ್

ಡಿಸಿ ಬೇಡ ಅಂದವರಿಗೆ ಇದಕ್ಕಿಂತ ಚೆಂದದ ದಾರಿ ಇಲ್ಲ. ಒಂದು ಬದಿ ಸಿಗ್ನಲ್ ಮತ್ತು ಗ್ರೌಂಡ್, ಇನ್ನೊಂದು ಬದಿಯ ಎರಡು ತುದಿ ಎಡಿಸಿಯ ಎರಡು ಪಿನ್ನಿಗೆ, ನಡುವಿನ ಟ್ಯಾಪ್ ಎಡಿಸಿಯ ಕಾಮನ್ ಮೋಡ್ ವೋಲ್ಟೇಜಿಗೆ. ವಿದ್ಯುತ್ ತಿನ್ನುವುದಿಲ್ಲ. ಆಂಪ್ಲಿಫೈಯರ್ ಥರ ನಾಯ್ಸ್ ಸೇರಿಸುವುದಿಲ್ಲ. ಸುತ್ತುಗಳನ್ನು 1ಕ್ಕೆ 2 ಮಾಡಿದರೆ 6 ಡಿಬಿ ವೋಲ್ಟೇಜ್ ಪುಕ್ಕಟೆ, ಇಂಪೀಡೆನ್ಸ್ ನಾಲ್ಕು ಪಟ್ಟು ಆಗುತ್ತೆ. ಅಂದರೆ ಆ ಬದಿಯಲ್ಲಿ 200 ಓಮ್ ಹಾಕಿದರೆ ಈ ಬದಿಗೆ 50 ಓಮ್ ಕಾಣುತ್ತೆ.

ಎಡಿಸಿ ಹತ್ತಾರು ಮೆಗಾಹರ್ಟ್ಸ್‌ನಿಂದ ಮೇಲೆ ಸ್ಯಾಂಪಲ್ ಮಾಡುವ ರೇಡಿಯೋ ಕೆಲಸದಲ್ಲಿ ಆಂಪ್ಲಿಫೈಯರುಗಳ ಡಿಸ್ಟಾರ್ಷನ್ ಏರುತ್ತಾ ಹೋದಾಗ ಟ್ರಾನ್ಸ್‌ಫಾರ್ಮರ್ ಗೆಲ್ಲುತ್ತೆ. ಅಲ್ಲಿ ಕಾಡುವುದು ಸಮತೋಲನ. ಫ್ರೀಕ್ವೆನ್ಸಿ ಏರಿದಂತೆ ಸುತ್ತುಗಳ ನಡುವಿನ ಕೆಪಾಸಿಟೆನ್ಸಿನಿಂದ ಎರಡು ಬದಿ ಸಮ ಆಗುವುದಿಲ್ಲ, ಎರಡನೇ ಹಾರ್ಮೋನಿಕ್ ಕಾಣಿಸಿಕೊಳ್ಳುತ್ತೆ. ಒಂದರ ಹಿಂದೆ ಒಂದು ಎರಡು ಟ್ರಾನ್ಸ್‌ಫಾರ್ಮರ್ ಹಾಕಿ ಇದನ್ನು ಸರಿ ಮಾಡುತ್ತಾರೆ. ಆಡಿಯೋದಲ್ಲೂ ಟ್ರಾನ್ಸ್‌ಫಾರ್ಮರ್ ನಡೆಯುತ್ತೆ, ಗ್ರೌಂಡ್ ಪೂರ್ತಿ ಬೇರೆ ಆಗುವುದರಿಂದ ಹಮ್ ಹೋಗುತ್ತೆ. ಆದರೆ 20 ಹರ್ಟ್ಸ್ ಹತ್ತಿರ ಕೋರ್ ತುಂಬಿಹೋಗಿ ಡಿಸ್ಟಾರ್ಷನ್ ಬರುತ್ತೆ. ಒಳ್ಳೆಯದು ಬೇಕೆಂದರೆ ದೊಡ್ಡದು, ಭಾರದ್ದು, ದುಬಾರಿಯದ್ದು ಕೊಳ್ಳಬೇಕು.

ಎಡಿಸಿಯನ್ನೇ ಬದಲಿಸುವುದು

ಬೋರ್ಡ್ ಇನ್ನೂ ಕಾಗದದ ಮೇಲೇ ಇದ್ದರೆ ಇದನ್ನೂ ಯೋಚಿಸಿ. ಸೂಡೋ-ಡಿಫರೆನ್ಶಿಯಲ್ ಅನ್ನುವ ಎಡಿಸಿಗಳಲ್ಲಿ ಮೈನಸ್ ಪಿನ್ ಇರುವುದೇ ದೂರದ ಗ್ರೌಂಡನ್ನು ಹಿಡಿಯಲಿಕ್ಕೆ. ಸಾಮಾನ್ಯವಾಗಿ ಅದು 100 ಮಿಲಿವೋಲ್ಟಿನಷ್ಟು ಆಚೀಚೆ ಹೋದರೂ ನಡೆಯುತ್ತೆ. ನಿಮ್ಮ ಸಿಗ್ನಲ್ ಹೇಗಿದೆಯೋ ಹಾಗೇ ಅದಕ್ಕೆ ಹೊಂದುತ್ತೆ. ±10 ವೋಲ್ಟಿನ ಎಂಟು ಸಿಗ್ನಲ್ ಇದೆ ಅನ್ನುವವರು ಎಂಟು ಎಫ್‌ಡಿಎ ಇಡುವ ಮೊದಲು ಎಡಿ7606 ನೋಡಲಿ. ಎಂಟು ಚಾನೆಲ್, 16 ಬಿಟ್, ±10 ವೋಲ್ಟ್ ನೇರ ತಗೊಳ್ಳುತ್ತೆ, ಇನ್‌ಪುಟ್ ಇಂಪೀಡೆನ್ಸ್ 1 ಮೆಗಾಓಮ್. ಚಿಪ್ ದುಬಾರಿ ಅನಿಸಬಹುದು, ಆದರೆ ಎಂಟು ಡ್ರೈವರ್, ಅವುಗಳ ರೆಸಿಸ್ಟರ್, ನೆಗೆಟಿವ್ ಸಪ್ಲೈ ಎಲ್ಲ ಕೂಡಿಸಿ ನೋಡಿದಾಗ ಲೆಕ್ಕ ತಿರುಗುತ್ತೆ.

ನಿಮ್ಮ ಕೆಲಸಕ್ಕೆ ಯಾವುದು

ಉಷ್ಣತೆ, ತೂಕ, ಒತ್ತಡ ಅಳೆಯುತ್ತಿದ್ದೀರಿ, ಸೆಕೆಂಡಿಗೆ ನೂರಾರು ಸ್ಯಾಂಪಲ್ ಸಾಕು, ಎಡಿಸಿ ಡೆಲ್ಟಾ-ಸಿಗ್ಮಾ. ಮೈನಸ್ ಪಿನ್ನನ್ನು ಸೆನ್ಸರಿನ ಗ್ರೌಂಡಿಗೆ ಒಯ್ಯಿರಿ, ಪಿಜಿಎ ಷರತ್ತು ಓದಿ, ಮುಂದೆ ಹೋಗಿ. ಡ್ರೈವರಿಗೆ ಹಣ ಹಾಕಬೇಡಿ. ಅದೇ ಹಣ ಒಳ್ಳೆಯ ರೆಫರೆನ್ಸಿಗೆ ಹೋದರೆ ಫಲ ಜಾಸ್ತಿ.

ಸಾರ್ ಎಡಿಸಿ, ಮೂಲದ ಇಂಪೀಡೆನ್ಸ್ ಜಾಸ್ತಿ, ಫ್ರೀಕ್ವೆನ್ಸಿ 100 ಕಿಲೋಹರ್ಟ್ಸ್ ಒಳಗೆ ಅಂದರೆ ಎರಡು ಆಪ್-ಆಂಪ್. ಹಣ ಬಿಗಿಯಾಗಿದ್ದರೂ ಇದೇ. ಮೂಲ ಗಟ್ಟಿ, ಸಿಗ್ನಲ್ ಸೊನ್ನೆಯ ಎರಡೂ ಬದಿ ಹೋಗುತ್ತೆ, ಅಥವಾ ಕೆಲವು ನೂರು ಕಿಲೋಹರ್ಟ್ಸ್‌ನಿಂದ ಮೇಲಿದೆ, ಜೊತೆಗೆ ಡಿಸಿಯೂ ಬೇಕು ಅಂದರೆ ಎಫ್‌ಡಿಎ, 0.1 ಶೇಕಡಾ ರೆಸಿಸ್ಟರುಗಳ ಜೊತೆ. 50 ಓಮ್ ಮೂಲ, ಡಿಸಿ ಬೇಡ, ಮೆಗಾಹರ್ಟ್ಸ್ ಲೆಕ್ಕದ ಸಿಗ್ನಲ್ ಅಂದರೆ ಟ್ರಾನ್ಸ್‌ಫಾರ್ಮರ್.

ಎರಡರ ನಡುವೆ ಸಿಕ್ಕಿಕೊಂಡವರು ಸಾಮಾನ್ಯವಾಗಿ ಆಪ್-ಆಂಪ್ ಜೋಡಿ ಮತ್ತು ಎಫ್‌ಡಿಎ ನಡುವೆ ಸಿಕ್ಕಿಕೊಂಡಿರುತ್ತಾರೆ. ಅವರಿಗೆ ನಾನು ಕೇಳುವುದು ಒಂದೇ: ನಿಮ್ಮ ಮೂಲ 1 ಕಿಲೋಓಮ್ ಲೋಡನ್ನು ತಾನೇ ಎಳೆಯಬಲ್ಲದಾ? ಎಳೆಯುತ್ತೆ ಅಂದರೆ ಎಫ್‌ಡಿಎ. ಇಲ್ಲ ಅಂದರೆ ಆಪ್-ಆಂಪ್ ಜೋಡಿ.

ಯಾವುದನ್ನೇ ಆರಿಸಿದರೂ

ಸಾರ್ ಎಡಿಸಿ ಪ್ರತಿ ಸಲ ಸ್ಯಾಂಪಲ್ ಮಾಡುವಾಗ ಒಳಗಿನ ಕೆಪಾಸಿಟರ್ ನಿಮ್ಮ ಡ್ರೈವರಿನಿಂದ ಒಮ್ಮೆಲೇ ಚಾರ್ಜ್ ಎಳೆಯುತ್ತೆ. ಅದನ್ನು ತಡೆದುಕೊಳ್ಳಲು ಪ್ರತಿ ಪಿನ್ನಿನ ಮುಂದೆ ಒಂದು ರೆಸಿಸ್ಟರ್, ಗ್ರೌಂಡಿಗೆ ಒಂದು ಕೆಪಾಸಿಟರ್ ಇರಬೇಕು. 20 ಓಮ್ ಮತ್ತು 2.7 ನ್ಯಾನೋಫ್ಯಾರಡ್ ಶುರು ಮಾಡಲು ಒಳ್ಳೆಯ ಜೋಡಿ, ಮೇಲೆ ಹೇಳಿದ 3 ಮೆಗಾಹರ್ಟ್ಸ್ ಇದರಿಂದಲೇ ಬಂದದ್ದು. ಕೆಪಾಸಿಟರ್ ಸಿ0ಜಿ ಜಾತಿಯದ್ದೇ ಆಗಿರಲಿ. ಎಕ್ಸ್7ಆರ್ ಹಾಕಿದರೆ ವೋಲ್ಟೇಜ್ ಬದಲಾದಂತೆ ಅದರ ಕೆಪಾಸಿಟೆನ್ಸೂ ಬದಲಾಗಿ ಡಿಸ್ಟಾರ್ಷನ್ ಆಗುತ್ತೆ, ಆಗ ಡ್ರೈವರ್ ಎಷ್ಟು ಒಳ್ಳೆಯದಿದ್ದರೂ ಉಪಯೋಗವಿಲ್ಲ. ಫಿಲ್ಟರನ್ನು ತೀರಾ ನಿಧಾನ ಮಾಡಬೇಡಿ. ಪೂರ್ತಿ ರೇಂಜಿನ ಜಿಗಿತ 16 ಬಿಟ್ಟಿನ ಅರ್ಧ ಎಣಿಕೆಯೊಳಗೆ ನೆಲೆಗೊಳ್ಳಲು ಸುಮಾರು 12 ಟೈಮ್ ಕಾನ್‌ಸ್ಟೆಂಟ್ (ರೆಸಿಸ್ಟರನ್ನು ಕೆಪಾಸಿಟರಿನಿಂದ ಗುಣಿಸಿದರೆ ಬರುವ ಸಮಯ) ಬೇಕು, 18 ಬಿಟ್ಟಿಗೆ 13ಕ್ಕಿಂತ ಜಾಸ್ತಿ.

ಬೋರ್ಡ್ ಬಂದ ದಿನ ಮಾಡುವ ಪರೀಕ್ಷೆ ಸುಲಭ. ಸೈನ್ ವೇವ್ ಕೊಡಿ. ಆಸಿಲೋಸ್ಕೋಪಿನ ಎರಡು ಪ್ರೋಬನ್ನು ಆರ್‌ಸಿ ಫಿಲ್ಟರಿಗಿಂತ ಹಿಂದೆ, ಡ್ರೈವರಿನ ಎರಡು ಔಟ್‌ಪುಟ್ಟಿಗೆ ಇಡಿ, ಗಣಿತದ ಮೆನುವಿನಲ್ಲಿ ಎರಡನ್ನೂ ಕೂಡಿಸಿ. ತೆರೆಯ ಮೇಲೆ ನೇರ ಗೆರೆ ಕಂಡರೆ ಕಾಮನ್ ಮೋಡ್ ಗಟ್ಟಿಯಾಗಿದೆ. ಗೆರೆ ಅಲೆಯಾಗಿದ್ದರೆ ಅದರ ಎತ್ತರದ ಅರ್ಧದಷ್ಟು ಕಾಮನ್ ಮೋಡ್ ಅಲುಗಾಡುತ್ತಿದೆ. ಫ್ರೀಕ್ವೆನ್ಸಿ ಏರಿಸುತ್ತಾ ಹೋಗಿ, ಆ ಅಲೆ ಡೇಟಾಶೀಟಿನ ಮಿತಿಯನ್ನು ಯಾವ ಫ್ರೀಕ್ವೆನ್ಸಿಯಲ್ಲಿ ದಾಟುತ್ತೆ ಅಂತ ಬರೆದಿಟ್ಟುಕೊಳ್ಳಿ. ಆ ಅಂಕಿ ನಿಮ್ಮ ಸಿಗ್ನಲ್ಲಿನ ಅತಿ ಹೆಚ್ಚಿನ ಫ್ರೀಕ್ವೆನ್ಸಿಗಿಂತ ಕೆಳಗೆ ಬಂದರೆ ಡ್ರೈವರ್ ಬದಲಿಸಬೇಕು.